ಮಳೆಗಾಲದಲ್ಲಿ ಪುತ್ತೂರಿಗೆ: ಶಿರಾಡಿಯಾ, ಸಂಪಾಜೆಯಾ, ಚಾರ್ಮಾಡಿಯಾ? ಹೋಗಿ ಬಂದವರು ಹೇಳಿ

ಜುಲೈ ಕೊನೆಯ ವಾರ ನಮ್ಮ ಮಾವನವರ ವರ್ಷಾಂತಿಕ. ತಿಥಿ ಬಂದ ದಿನವೇ ಆಗಬೇಕು, ಮುಂದಕ್ಕೆ ಹಾಕುವ ಹಾಗಿಲ್ಲ. ಬೆಂಗಳೂರಿನಿಂದ ಪುತ್ತೂರಿಗೆ ಹೊರಡುವವರು ನಾಲ್ಕು ಜನ: ನಾನು, ನಮ್ಮ ಯಜಮಾನರು, ಮಂಡಿ ನೋವಿರುವ 74 ವರ್ಷದ ಅತ್ತೆ, ತಿರುವು ಕಂಡರೆ ವಾಂತಿ ಮಾಡುವ ಐದು ವರ್ಷದ ಮಗ. ಸಣ್ಣ ಕಾರು. ಶಿರಾಡಿ ಘಟ್ಟದ ರಸ್ತೆಯಲ್ಲಿ ನಾಲ್ಕು ಪಥದ ಕೆಲಸ ಎಲ್ಲಿಗೆ ಬಂದಿದೆ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಒಬ್ಬರು ‘ಬೆಣ್ಣೆ ಹಾಗಿದೆ’ ಅಂದರು, ಇನ್ನೊಬ್ಬರು ‘ಗುಡ್ಡ ಮೈಮೇಲೆ ಬೀಳುತ್ತೆ’ ಅಂದರು. ರಾತ್ರಿ ಹೊರಟರೆ ಟ್ರಾಫಿಕ್ ಇರಲ್ಲ ಅನ್ನೋದು ಯಜಮಾನರ ವಾದ. ಈಚೆಗೆ ಓಡಾಡಿದವರು ದಯವಿಟ್ಟು ಬರೆಯಿರಿ.

ತಿಂಗಳಿಗೆರಡು ಸಲ ಘಟ್ಟ ಹತ್ತುವ ಮಂಗಳೂರಿನವ

ಮೇಡಂ, ನಿಮಗೆ ಹೇಳಿದ ಇಬ್ಬರದ್ದೂ ಸರಿಯೇ. ಇದು ಒಂದೇ ರಸ್ತೆ ಅಂತ ತಿಳಿಯಬೇಡಿ, ನಾಲ್ಕು ತುಂಡು ಉಂಟು. ಬೆಂಗಳೂರಿನಿಂದ ಹಾಸನದವರೆಗೆ ತಲೆಬಿಸಿ ಇಲ್ಲ. ಹಾಸನದಿಂದ ಮಾರನಹಳ್ಳಿಗೆ ಸುಮಾರು 45 ಕಿ.ಮೀ., ಬಹುಪಾಲು ನಾಲ್ಕು ಪಥ ಆಗಿದೆ, ಆದರೆ ಸಕಲೇಶಪುರ ದಾಟಿದ ಮೇಲೆ ದೋಣಿಗಾಲ್ ಹತ್ತಿರ ಯಾವ ದಿನ ಯಾವ ಬದಿ ತೆರೆದಿರುತ್ತದೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಮಾರನಹಳ್ಳಿಯಿಂದ ಅಡ್ಡಹೊಳೆ ನಿಜವಾದ ಘಟ್ಟ. ಅಲ್ಲಿ ನಾಲ್ಕು ಪಥ ಇಲ್ಲವೇ ಇಲ್ಲ, ಹಳೆಯ ಎರಡು ಪಥದ ಕಾಂಕ್ರೀಟು. ಅಡ್ಡಹೊಳೆಯಿಂದ ಬಿ.ಸಿ. ರೋಡಿಗೆ 64 ಕಿ.ಮೀ.; ನೆಲ್ಯಾಡಿ, ಉಪ್ಪಿನಂಗಡಿ ಅಂತ ಕೆಲಸ ವರ್ಷಗಟ್ಟಲೆ ಎಳೆದದ್ದು ಇಲ್ಲಿಯೇ. ಕಲ್ಲಡ್ಕದ ಫ್ಲೈಓವರ್ ತೆರೆದ ಮೇಲೆ ನಮಗೆ ಜೀವ ಬಂತು, ಆದರೆ ನೀವು ಉಪ್ಪಿನಂಗಡಿಯಲ್ಲೇ ಪುತ್ತೂರಿಗೆ ತಿರುಗುವವರು, ಅದರ ಸುಖ ನಿಮಗಿಲ್ಲ.

ರಾತ್ರಿ ಮಾತ್ರ ಬೇಡವೇ ಬೇಡ ಮಾರಾಯ್ರೆ. ಅರ್ಧ ಆದ ರಸ್ತೆಯಲ್ಲಿ ನಮ್ಮನ್ನು ಕೊಲ್ಲುವುದು ಗುಡ್ಡೆ ಅಲ್ಲ, ಡೈವರ್ಶನ್. ಚಂದದ ನಾಲ್ಕು ಪಥದಲ್ಲಿ 80ರಲ್ಲಿ ಹೋಗ್ತಾ ಇರ್ತೀರಿ, ಸೀದಾ ಎದುರಿಗೆ ಮಣ್ಣಿನ ರಾಶಿ, ನಾಲ್ಕು ಡ್ರಮ್ಮು, ಬಾಣದ ಗುರುತಿಗೆ ಕೆಸರು ಮೆತ್ತಿರ್ತದೆ. ಎಡದಿಂದ ಬಲಕ್ಕೆ ಹಾರಿ ಎದುರು ಬರುವ ಲಾರಿಯ ಜೊತೆ ಒಂದೇ ಪಥ ಹಂಚಿಕೊಳ್ಳಬೇಕು. ಕಳೆದ ವಾರ ಇದ್ದ ಡೈವರ್ಶನ್ ಈ ವಾರ ಇರುವುದಿಲ್ಲ. ಗೊತ್ತಿದ್ದ ನನಗೇ ಎರಡು ಸಲ ಎದೆ ಧಸಕ್ ಅಂದಿದೆ.

ದೋಣಿಗಾಲ್ ಹತ್ತಿರದ ಕಾಫಿ ತೋಟದವರು

ನಮ್ಮ ಮನೆಯಿಂದ ಹೆದ್ದಾರಿ ಕೂಗಳತೆ. ಹಾಗಾಗಿ ಕಣ್ಣಾರೆ ಕಂಡಿದ್ದು ಹೇಳ್ತೀನಿ. ದೋಣಿಗಾಲ್‌ನಲ್ಲಿ 2021ರಲ್ಲೂ ರಸ್ತೆ ಕುಸೀತು, 2022ರಲ್ಲೂ ಕುಸೀತು. 2024ರ ಜುಲೈಯಲ್ಲಿ ದೊಡ್ಡತಪ್ಪಲು ಹತ್ತಿರ ಧರೆ (ರಸ್ತೆ ಬದಿಯ ಕಡಿದಾದ ಮಣ್ಣಿನ ಗುಡ್ಡ) ಜರಿದು ವಾಹನಗಳ ಮೇಲೇ ಮಣ್ಣು ಬಂತು, ದಿನಗಟ್ಟಲೆ ರಸ್ತೆ ಬಂದ್. ಮೊದಲೂ ಇಲ್ಲಿ ಮಳೆ ಹುಯ್ತಿತ್ತು, ಅಲ್ಲೊಂದು ಇಲ್ಲೊಂದು ಮರ ಬೀಳ್ತಿತ್ತು. ಅಗಲ ಮಾಡೋಕೆ ಅಂತ ಗುಡ್ಡದ ಬುಡ ಕಡಿದ ಮೇಲೆ ಕಥೆಯೇ ಬೇರೆ ಆಯ್ತು.

ನೀವು ನೋಡಬೇಕಾದ್ದು ಇಷ್ಟು. ಧರೆಯಿಂದ ಇಳಿಯೋ ನೀರು ತಿಳಿಯಾಗಿದ್ರೆ ಹೋಗಿ. ಕೆಂಪಗೆ, ಗಟ್ಟಿ ಟೀ ತರ ಬರ್ತಿದ್ರೆ ಅದರ ಕೆಳಗೆ ನಿಲ್ಲಬೇಡಿ. ಸಣ್ಣ ಕಲ್ಲು ಉರುಳಿ ರಸ್ತೆ ಮೇಲೆ ಚೆಲ್ಲಿದ್ರೂ ಅಷ್ಟೇ. ಜಾಮ್ ಆದಾಗ ಜನ ಮಾಡೋ ತಪ್ಪು ಅಂದ್ರೆ ಮುಂದಿನ ಗಾಡಿಗೆ ಅಂಟಿಕೊಂಡು ಸೀದಾ ಧರೆಯ ಕೆಳಗೇ ನಿಲ್ಲೋದು. ಇಪ್ಪತ್ತು ಮೀಟರ್ ಹಿಂದೆ, ಮೇಲೆ ಗುಡ್ಡ ಇಲ್ಲದ ಕಡೆ ನಿಂತ್ಕೊಳ್ಳಿ. ಹಿಂದಿನವನು ಹಾರ್ನ್ ಹೊಡೀಲಿ.

ಇನ್ನೊಂದು. ಆಲೂರು, ಸಕಲೇಶಪುರ ಕಡೆ ಆನೆ ಇದಾವೆ. ಮುಂಜಾನೆ ಕತ್ತಲಲ್ಲಿ, ಸಂಜೆ ಮಬ್ಬಲ್ಲಿ ರಸ್ತೆ ದಾಟ್ತವೆ. ಫೋಟೋಗೆ ಇಳೀಬೇಡಿ ಅಂತ ನಿಮಗೆ ಹೇಳೋ ಅಗತ್ಯ ಇಲ್ಲ ಅಂದ್ಕೊಂಡಿದ್ದೀನಿ.

31 ವರ್ಷ ಲಾರಿ ಓಡಿಸಿ ಈಗ ಮನೇಲಿರೋನು

ತಂಗೀ, ನಾನು ಈ ಘಟ್ಟಾನ ಡಾಂಬರು ಇದ್ದಾಗಲೂ ನೋಡಿದ್ದೀನಿ, ಡಾಂಬರೇ ಇಲ್ಲದಾಗಲೂ ನೋಡಿದ್ದೀನಿ. ಮಳೆಗಾಲ ಮುಗಿಯೋ ಹೊತ್ತಿಗೆ ಗುಂಡಿ ಎಷ್ಟು ಅಂದ್ರೆ ಮಂಗಳೂರು ಬಂದರಿಗೆ ಹೋಗೋ ಲೋಡು ಆಕ್ಸಲ್ ಮುರ್ಕೊಂಡು ಮೂರು ದಿನ ಅಲ್ಲೇ ಬಿದ್ದಿರ್ತಿತ್ತು. ಅದಕ್ಕೇ 2015ರಲ್ಲಿ ಮೊದಲ ಹಂತ, 2018ರಲ್ಲಿ ಎರಡನೇ ಹಂತ ಅಂತ ರಸ್ತೆ ಪೂರ್ತಿ ಮುಚ್ಚಿ ಕಾಂಕ್ರೀಟ್ ಹಾಕಿದ್ರು. 2018ರ ಜುಲೈ ಮಧ್ಯದಲ್ಲಿ ತೆರೆದ್ರು, ಆಗಸ್ಟಲ್ಲಿ ಗುಡ್ಡ ಜರಿದು ಮತ್ತೆ ಬಂದ್! ಒಂದು ತಿಂಗಳೂ ಸುಖ ಇಲ್ಲ.

ಯಜಮಾನರಿಗೆ ಹೇಳಿ: ಇಳಿಯೋವಾಗ ನ್ಯೂಟ್ರಲ್ ಬೇಡ, ಪೆಟ್ರೋಲ್ ಉಳಿತದೆ ಅಂತ ಯಾರು ಹೇಳಿದ್ರೂ ಬೇಡ. ಯಾವ ಗೇರಲ್ಲಿ ಹತ್ತಬಹುದೋ ಅದೇ ಗೇರಲ್ಲಿ ಇಳಿಸಿ, ಇಂಜಿನ್ನೇ ಹಿಡ್ಕೊಳ್ಳುತ್ತೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದ್ರೆ ಗುಂಡ್ಯ ಬರೋ ಹೊತ್ತಿಗೆ ಸುಟ್ಟ ವಾಸನೆ ಬರುತ್ತೆ. ಮಳೇಲಿ ಕಾಂಕ್ರೀಟು ಬಿಳಿ ಕಾಣುತ್ತೆ, ಒಣಗಿದೆ ಅನ್ನೋ ಭ್ರಮೆ ಬೇಡ. ಟೈರ್ ಸವೆದಿದ್ರೆ ಹೊರಡೋ ಮುಂಚೆ ಬದಲಿಸಿ.

ಗ್ಯಾಸಿನ ಬುಲೆಟ್ ಟ್ಯಾಂಕರುಗಳು ಈ ದಾರೀಲೇ ಹೋಗೋದು. ಮುಂದೆ ಟ್ಯಾಂಕರ್ ಇದ್ರೆ ತಿರುವಲ್ಲಿ ಕಟ್ ಹೊಡೆಯೋ ಯೋಚನೆ ಬಿಟ್ಟುಬಿಡಿ. ಅವನಿಗೆ ನೀವು ಕನ್ನಡೀಲಿ ಕಾಣಲ್ಲ. ಅವನ ಹಿಂದೆ ಐವತ್ತು ಅಡಿ ಬಿಟ್ಟು ನಿಧಾನ ಹೋಗಿ, ಜಾಗ ಸಿಕ್ಕಿದಾಗ ಒಳ್ಳೆ ಡ್ರೈವರ್ ಆದ್ರೆ ಅವನೇ ಬಲಗಡೆ ಇಂಡಿಕೇಟರ್ ಹಾಕಿ ದಾರಿ ಬಿಡ್ತಾನೆ. ಆದ್ರೆ ಅದೇ ಇಂಡಿಕೇಟರ್ ಹಾಕಿ ಅವನು ಬಲಕ್ಕೆ ತಿರುಗಲೂಬಹುದು, ಅದಕ್ಕೆ ಎದುರಿನ ರಸ್ತೆ ನಿಮ್ಮ ಕಣ್ಣಿಗೆ ಕಾಣದೆ ಹೋಗ್ಬೇಡಿ.

ಚಾರ್ಮಾಡಿ ಪಕ್ಷದವ

ಎಲ್ಲರೂ ಶಿರಾಡಿ ಅಂತಿದ್ದೀರಿ. ನಾನು ಕುಟುಂಬ ಕರಕೊಂಡು ಯಾವಾಗಲೂ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ. ಭಾರಿ ಲಾರಿಗಳ ಕಾಟ ಇಲ್ಲ, ನೋಟವೂ ಚೆಂದ.

ತಿಂಗಳಿಗೆರಡು ಸಲ ಘಟ್ಟ ಹತ್ತುವ ಮಂಗಳೂರಿನವ

ನೋಟ ಕಾಣಲಿಕ್ಕೆ ಮಂಜು ಬಿಡಬೇಕಲ್ಲ! ಜುಲೈಯಲ್ಲಿ ಅಲ್ಲಿ ಎದುರಿನ ಗಾಡಿಯ ಲೈಟು ಕಂಡರೆ ಪುಣ್ಯ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಎಷ್ಟು ಕಡೆ ಜರಿಯಿತು ಅಂತ ಮರೆತಿರಾ? ಆಮೇಲೆ ಎಷ್ಟೋ ಕಾಲ ರಾತ್ರಿ ಸಂಚಾರವೇ ಇರಲಿಲ್ಲ. ವಾಂತಿ ಮಾಡುವ ಮಗುವನ್ನು ಆ ಹೇರ್‌ಪಿನ್ ತಿರುವುಗಳಿಗೆ ಕರಕೊಂಡು ಹೋಗಿ ಅಂತ ನಾನಂತೂ ಹೇಳಲಾರೆ.

ಚಾರ್ಮಾಡಿ ಪಕ್ಷದವ

ಮಗುವಿನ ವಿಷಯ ಓದಿರಲಿಲ್ಲ. ಒಪ್ಪಿದೆ.

ರಸ್ತೆ ಕೆಲಸ ಮಾಡಿಸಿ ನಿವೃತ್ತನಾದ ಇಂಜಿನಿಯರ್

ಗುಡ್ಡ ಯಾಕೆ ಬೀಳುತ್ತದೆ ಅನ್ನುವುದು ಗೊತ್ತಿದ್ದರೆ ಯಾವಾಗ ಹೊರಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಇಳಿಜಾರು ತನ್ನ ಬುಡದ ಮೇಲೆ ನಿಂತಿರುತ್ತದೆ. ಬುಡ ಕಡಿದರೆ ಮೇಲಿನ ಮಣ್ಣು ಬರೀ ಒಳಗಿನ ಹಿಡಿತದಿಂದ ನೇತಾಡುತ್ತದೆ. ಮಳೆ ನೀರು ಇಂಗಿದಂತೆ ಮಣ್ಣಿನ ಭಾರ ಹೆಚ್ಚು, ಹಿಡಿತ ಕಡಿಮೆ. 2024ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ಥಳ ನೋಡಲು ಬಂದಾಗಲೂ ಗುಡ್ಡವನ್ನು 90 ಡಿಗ್ರಿಗೆ ಕಡಿದದ್ದೇ ಮಾತಾಯಿತು. ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕಾದರೆ ಇನ್ನಷ್ಟು ಜಮೀನು ಬೇಕು, ದುಡ್ಡು ಬೇಕು. ಅಲ್ಲೇ ಉಳಿತಾಯ ಮಾಡಿದ್ದು. ತಡೆಗೋಡೆ ಕಟ್ಟಿದರೂ ಹಿಂದಿನ ನೀರು ಹೊರಬರಲು ತೂತು ಸರಿಯಾಗಿ ಬಿಡದಿದ್ದರೆ ಗೋಡೆಯೇ ಅಣೆಕಟ್ಟು.

ಹಾಗಾಗಿ ನಿಮಗೆ ಉಪಯೋಗಕ್ಕೆ ಬರುವ ಮಾತು: ಮಳೆ ಜೋರಾಗಿರುವ ಗಂಟೆಯನ್ನು ಮಾತ್ರ ಲೆಕ್ಕ ಹಾಕಬೇಡಿ. ಎರಡು ಮೂರು ದಿನ ಬಿಡದೆ ಸುರಿದು ಆಮೇಲೆ ನಿಂತ ಬೆಳಗ್ಗೆಯೂ ಧರೆ ಬೀಳುತ್ತದೆ, ಏಕೆಂದರೆ ನೀರು ಒಳಗೆ ಇನ್ನೂ ನಡೆಯುತ್ತಿರುತ್ತದೆ. ಹಾಸನ ಮತ್ತು ದಕ್ಷಿಣ ಕನ್ನಡ ಎರಡೂ ಜಿಲ್ಲೆಯ ಹವಾಮಾನ ಎಚ್ಚರಿಕೆ ನೋಡಿ. ಎರಡಕ್ಕೂ ರೆಡ್ ಅಲರ್ಟ್ ಇದ್ದರೆ ಒಂದು ದಿನ ಹಾಸನದಲ್ಲೇ ಕಳೆಯಿರಿ. ಜಿಲ್ಲಾಧಿಕಾರಿಗಳ ಆದೇಶ ಘಟ್ಟದ ಮೇಲೆ ಒಂದು, ಕೆಳಗೆ ಒಂದು ಬರುತ್ತದೆ. ಮೇಲಿನವರು ಬಿಟ್ಟರು ಅಂತ ಇಳಿದು ಕೆಳಗೆ ನಿಂತವರಿದ್ದಾರೆ.

ಮಾರನಹಳ್ಳಿಯಿಂದ ಕೆಳಗಿನ ತುಂಡು ಯಾಕೆ ಹಾಗೇ ಇದೆ ಅಂದರೆ, ಒಂದು ಕಡೆ ಕೆಂಪುಹೊಳೆ, ಇನ್ನೊಂದು ಕಡೆ ಕಡಿದಾದ ಗುಡ್ಡ, ಸುತ್ತ ಕಾಡು. ಸುರಂಗ ಕೊರೆಯುತ್ತಾರೆ ಅಂತ ನನ್ನ ಮಗ ಹೈಸ್ಕೂಲಿನಲ್ಲಿದ್ದಾಗಿನಿಂದ ಕೇಳುತ್ತಿದ್ದೇನೆ. ಈಗ ಅವನೂ ಇಂಜಿನಿಯರ್.

ಸುಳ್ಯದ ಸೊಸೆ

ಪುತ್ತೂರಿಗೆ ಅಂದ್ರೆ ಮೈಸೂರು, ಮಡಿಕೇರಿ, ಸಂಪಾಜೆ, ಸುಳ್ಯ ದಾರಿಯೂ ನೋಡಿ ಅಕ್ಕ. ಮೈಸೂರಿನ ತನಕ ಎಕ್ಸ್‌ಪ್ರೆಸ್‌ವೇ ಇದೆ. ಮಡಿಕೇರಿಯಿಂದ ಇಳಿಯುವಾಗ ತಿರುವು ಹೆಚ್ಚು, ಆದರೆ ಟ್ಯಾಂಕರ್ ಸಾಲು ಕಡಿಮೆ. ಹಾಗಂತ ಇದು ಮಳೆಗೆ ಹೆದರದ ದಾರಿ ಅಂತಲ್ಲ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದಲ್ಲಿ ಗುಡ್ಡ ಜರಿದು ಆದದ್ದು ನಾವು ಮರೆಯುವಂಥದ್ದಲ್ಲ. 2024ರ ಜುಲೈಯಲ್ಲಿ ಕರ್ತೋಜಿ ಹತ್ತಿರ ರಸ್ತೆ ಬಿರುಕು ಬಿಟ್ಟು ರಾತ್ರಿ ಸಂಚಾರ ನಿಲ್ಲಿಸಿದ್ದರು.

ಮಗುವಿಗೆ: ಹೊರಡುವ ಮೊದಲು ಹಾಲು ಕೊಡಬೇಡಿ, ಒಣ ಇಡ್ಲಿಯೋ ಬ್ರೆಡ್ಡೋ ಸಾಕು. ಮೊಬೈಲ್ ಕೈಗೆ ಕೊಡಲೇಬೇಡಿ, ನೋಡಿದಷ್ಟೂ ತಲೆ ತಿರುಗುತ್ತದೆ. ಅತ್ತೆಯವರಿಗೆ: ಶಿರಾಡಿಯಲ್ಲೇ ಹೋಗುವುದಾದರೆ ಸಕಲೇಶಪುರದಲ್ಲೇ ಬಾತ್‌ರೂಮಿಗೆ ಹೋಗಿಬಿಡಲಿ. ಆಮೇಲೆ ಗುಂಡ್ಯದ ತನಕ ಸರಿಯಾದ ಜಾಗ ಇಲ್ಲ. ಮಂಡಿ ನೋವಿನವರು ಕಾಡಿನ ಬದಿ ಕೂರಲು ಆಗುವುದಿಲ್ಲ, ಜಿಗಣೆ ಬೇರೆ. ಈ ವಿಷಯ ಗಂಡಸರು ಯಾರೂ ಬರೆಯುವುದಿಲ್ಲ.

ರೈಲೇ ಸಾಕಪ್ಪಾ ಅನ್ನುವವನು

ಸ್ವಾಮಿ, ರೈಲು ಕಬಕ ಪುತ್ತೂರಿನಲ್ಲೇ ನಿಲ್ಲುತ್ತದೆ. ಅತ್ತೆಯವರನ್ನು ಲೋವರ್ ಬರ್ತಿನಲ್ಲಿ ಮಲಗಿಸಿದರೆ ಘಟ್ಟ ಇಳಿದದ್ದೇ ಗೊತ್ತಾಗಲ್ಲ. ಹಗಲಿನ ಗಾಡಿಯಾದರೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ, ಮಗ ಎಣಿಸುತ್ತಾ ವಾಂತಿ ಮರೀತಾನೆ.

ದೋಣಿಗಾಲ್ ಹತ್ತಿರದ ಕಾಫಿ ತೋಟದವರು

ರೈಲು ಒಳ್ಳೇದೇ ಕಣ್ರೀ, ಆದರೆ ಅದೂ ಇದೇ ಗುಡ್ಡಗಳ ಮೇಲೆ ತಾನೇ ಹೋಗೋದು. 2024ರ ಜುಲೈ 26ಕ್ಕೆ ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿ ಕೆಳಗಿನ ಮಣ್ಣೇ ಜಾರಿ ಹೋಯ್ತು. ಅದೇ ತಿಂಗಳು ರಸ್ತೆಯೂ ಕೈಕೊಟ್ಟಿತ್ತು. ಟಿಕೆಟ್ ಮಾಡಿಸಿ, ಕಾರಿನ ಟ್ಯಾಂಕೂ ತುಂಬಿಸಿಡಿ.

ಪ್ರಶ್ನೆ ಕೇಳಿದವಳು, ಹನ್ನೊಂದು ದಿನದ ಮೇಲೆ

ಎಲ್ಲರಿಗೂ ನಮಸ್ಕಾರ. ಪುತ್ತೂರಿನಿಂದಲೇ ಬರೀತಿದ್ದೀನಿ. ಹೋಗುವಾಗಿನ ರೈಲಿಗೆ ವೇಟಿಂಗ್ ಲಿಸ್ಟ್ ಕನ್ಫರ್ಮ್ ಆಗಲಿಲ್ಲ. ತಿಥಿಗೆ ಎರಡು ದಿನ ಮುಂಚೆ ಕಾರಲ್ಲೇ ಹೊರಟು ರಾತ್ರಿ ಹಾಸನದಲ್ಲಿ ಉಳಿದೆವು. ಯಜಮಾನರು ‘ಮಧ್ಯರಾತ್ರಿ ಹೊರಟಿದ್ರೆ ಇಷ್ಟೊತ್ತಿಗೆ ಮನೇಲಿ ಇರ್ತಿದ್ವಿ’ ಅಂತ ಊಟದ ಮಧ್ಯೆ ಮೂರು ಸಲ ಹೇಳಿದರು. ಬೆಳಗ್ಗೆ ಬೆಳಕು ಹರಿದ ಮೇಲೆ ಬಿಟ್ಟೆವು. ಸಕಲೇಶಪುರ ದಾಟಿ ಸ್ವಲ್ಪ ದೂರಕ್ಕೆ ಜೆಸಿಬಿ ಮಣ್ಣು ಎತ್ತುತ್ತಾ ಇತ್ತು, ಒಂದೇ ಬದಿ ಬಿಡ್ತಿದ್ದರು, ಐವತ್ತು ನಿಮಿಷ ನಿಂತೆವು. ತೋಟದವರು ಹೇಳಿದ್ದು ನೆನಪಾಗಿ ಕಾರನ್ನು ಹಿಂದಕ್ಕೇ ನಿಲ್ಲಿಸಿಕೊಂಡೆವು. ಖಾಲಿ ಬಿಟ್ಟ ಜಾಗಕ್ಕೆ ಒಬ್ಬರು ಬಂದು ತೂರಿಕೊಂಡರು, ನಮ್ಮನ್ನೇ ಗದರಿದರು. ಏನೂ ಬೀಳಲಿಲ್ಲ, ಆದರೆ ಮೇಲಿಂದ ಕೆಂಪು ನೀರು ಬರ್ತಾನೇ ಇತ್ತು.

ಘಟ್ಟದಲ್ಲಿ ಒಂದು ಬುಲೆಟ್ ಟ್ಯಾಂಕರ್ ಹಿಂದೆ ಮುಕ್ಕಾಲು ದಾರಿ ಹೋದೆವು. ಮಗ ಘಟ್ಟದಲ್ಲಿ ಸುಮ್ಮನಿದ್ದು, ಕೆಳಗೆ ನೆಲ್ಯಾಡಿ ದಾಟಿದ ಮೇಲೆ ಗುಂಡಿ ಬಿದ್ದ ಡೈವರ್ಶನ್ನಲ್ಲಿ ವಾಂತಿ ಮಾಡಿದ! ಅತ್ತೆ ಕಿಟಕಿಯಿಂದ ಅರ್ಧ ಕಟ್ಟಿದ ಕಂಬಗಳನ್ನು ನೋಡುತ್ತಾ, ‘ನಿಮ್ಮ ಮಾವ ಇದ್ದಿದ್ರೆ ಇದನ್ನೆಲ್ಲ ಬೈಕೊಂಡೇ ದಾರಿ ಸಾಗಿಸ್ತಿದ್ರು’ ಅಂದರು. ಸಕಲೇಶಪುರದ ಬಾತ್‌ರೂಮ್ ಸಲಹೆಗೆ ಅವರು ವಿಶೇಷವಾಗಿ ಥ್ಯಾಂಕ್ಸ್ ಹೇಳೋಕೆ ಹೇಳಿದ್ದಾರೆ.

ವಾಪಸ್ ಬರೋಕೆ ಅತ್ತೆಗೂ ಮಗನಿಗೂ ರೈಲು ಟಿಕೆಟ್ ಸಿಕ್ಕಿದೆ, ನಾನೂ ಅವರ ಜೊತೆ. ಯಜಮಾನರು ಒಬ್ಬರೇ ಕಾರು ತರ್ತಾರೆ. ನಾಳೆ ಬೆಳಗ್ಗೆ ಆರಕ್ಕೆ ಹೊರಡ್ತೀನಿ ಅಂತಿದ್ದಾರೆ. ಮೇಲೆ ಹೇಗಿದೆ?

ದೋಣಿಗಾಲ್ ಹತ್ತಿರದ ಕಾಫಿ ತೋಟದವರು

ನಿನ್ನೆ ಮಧ್ಯಾಹ್ನದಿಂದ ಮಳೆ ಹಿಡಿದಿಲ್ಲ, ಎರಡೂ ಬದಿ ಬಿಡ್ತಿದ್ದಾರೆ. ಆದರೆ ಒಂಟಿ ಸಲಗ ಒಂದು ರಸ್ತೆ ಪಕ್ಕದ ತೋಟದಲ್ಲೇ ಇದೆ ಅಂತ ಈಗಷ್ಟೇ ವಾಟ್ಸಾಪಲ್ಲಿ ಬಂತು. ಆರಕ್ಕೆ ಬೇಡ, ತಿಂಡಿ ತಿಂದು ಎಂಟರ ಮೇಲೆ ಹೊರಡೋಕೆ ಹೇಳಿ.