ಚಪ್ಪಟೆ ಭೂಮಿ ಮೇಲಕ್ಕೆ ಧಾವಿಸುತ್ತಿದೆ ಎಂಬ ವಾದದ ದೋಷ ನಿಖರವಾಗಿ ಎಲ್ಲಿದೆ?

ಪ್ರಶ್ನೆ
ಚಪ್ಪಟೆ ಭೂಮಿಯನ್ನು ನಂಬುವವರಲ್ಲಿ ಒಂದು ಗುಂಪು ಗುರುತ್ವಾಕರ್ಷಣೆಯನ್ನೇ ಅಲ್ಲಗಳೆಯುತ್ತದೆ. ತಟ್ಟೆಯಾಕಾರದ ಭೂಮಿಯೇ ಮೇಲ್ಮುಖವಾಗಿ ಚಲಿಸುತ್ತಿದ್ದು, ಅದರ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚುತ್ತಿದೆ, ಕೈಬಿಟ್ಟ ಕಲ್ಲು ಬೀಳುವುದಿಲ್ಲ, ನೆಲವೇ ಏರಿಬಂದು ಅದನ್ನು ಮುಟ್ಟುತ್ತದೆ ಎಂಬುದು ಅವರ ವಾದ. ಹಾಗಿದ್ದರೆ ಸುಮಾರು ಒಂದು ವರ್ಷದಲ್ಲೇ ಭೂಮಿ ಬೆಳಕಿನ ವೇಗವನ್ನು ಮೀರಬೇಕಲ್ಲವೇ ಎಂದು ಕೇಳಿದರೆ, ಅವರು ಐನ್‌ಸ್ಟೈನರನ್ನೇ ಮುಂದಿಡುತ್ತಾರೆ. ಇದಕ್ಕೆ ಸರಿಯಾದ ಉತ್ತರವೇನು?

ಉತ್ತರ 1
ಬೆಳಕಿನ ವೇಗದ ಆಕ್ಷೇಪವನ್ನು ಕೈಬಿಡುವುದೇ ಒಳ್ಳೆಯದು. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ತಟ್ಟೆಯ ಮೇಲಿರುವವರಿಗೆ ವೇಗೋತ್ಕರ್ಷ ಎಷ್ಟು ಕಾಲ ಒಂದೇ ಸಮನೆ ಅನುಭವಕ್ಕೆ ಬಂದರೂ, ಹೊರಗಿನ ವೀಕ್ಷಕನಿಗೆ ಅದರ ವೇಗ ಬೆಳಕಿನ ವೇಗದ ಸಮೀಪಕ್ಕೆ ಬರುತ್ತದೆಯೇ ಹೊರತು ಅದನ್ನು ಮುಟ್ಟುವುದಿಲ್ಲ. 1907ರಲ್ಲಿ ಐನ್‌ಸ್ಟೈನ್ ಕಂಡುಕೊಂಡ ಸಮಾನತಾ ತತ್ವವೂ, ಕಿಟಕಿಯಿಲ್ಲದ ಚಿಕ್ಕ ಕೋಣೆಯೊಳಗೆ ಕುಳಿತವನು ಗುರುತ್ವವನ್ನೂ ವೇಗೋತ್ಕರ್ಷವನ್ನೂ ಬೇರ್ಪಡಿಸಲಾರ ಎಂದೇ ಹೇಳುತ್ತದೆ. ಆದರೆ ಭೂಮಿ ಚಿಕ್ಕ ಕೋಣೆಯಲ್ಲ. ಎರಡು ದೂರದ ಊರುಗಳಲ್ಲಿ ಅಳೆದು ಹೋಲಿಸಿದೊಡನೆ ಆ ತತ್ವದ ಆಸರೆ ತಪ್ಪುತ್ತದೆ.

ಉತ್ತರ 2
ಹಾಗೆ ಹೋಲಿಸಿದ್ದು ಹೊಸ ಸಂಗತಿಯೇನಲ್ಲ. 1672ರಲ್ಲಿ ಫ್ರಾನ್ಸಿನ ಜಾನ್ ರಿಶೆ ಎಂಬ ಖಗೋಳಜ್ಞರು ದಕ್ಷಿಣ ಅಮೆರಿಕದ ಕಯೆನ್‌ನಲ್ಲಿದ್ದಾಗ, ಪ್ಯಾರಿಸ್ಸಿನಲ್ಲಿ ಸರಿಹೊಂದಿಸಿದ್ದ ಲೋಲಕದ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿರುವುದನ್ನು ಗಮನಿಸಿ, ಲೋಲಕವನ್ನೇ ಗಿಡ್ಡಗೊಳಿಸಬೇಕಾಯಿತು. ಗುರುತ್ವ ಕಡಿಮೆಯಿರುವಲ್ಲಿ ಲೋಲಕ ನಿಧಾನವಾಗಿ ತೂಗುತ್ತದೆ. ಗುರುತ್ವದ ವೇಗೋತ್ಕರ್ಷ ಸಮಭಾಜಕದ ಬಳಿ 9.780, ಧ್ರುವಗಳಲ್ಲಿ 9.832 ಎಂದು ಇಂದು ನಮಗೆ ತಿಳಿದಿದೆ. ಅಂತರ 0.052 ಅಷ್ಟೇ; ಅತ್ಯಲ್ಪವೆನಿಸಬಹುದು. ಆದರೆ ತಟ್ಟೆಯ ಎರಡು ಭಾಗಗಳು ಇಷ್ಟು ವ್ಯತ್ಯಾಸದೊಂದಿಗೆ ಮೇಲೇರತೊಡಗಿದರೆ, ಒಂದು ಮತ್ತೊಂದನ್ನು ಒಂದೇ ದಿನದಲ್ಲಿ ಸುಮಾರು 1.9 ಲಕ್ಷ ಕಿಲೋಮೀಟರ್ ಹಿಂದಿಕ್ಕುತ್ತದೆ. ತಟ್ಟೆ ಉಳಿಯುವುದೆಲ್ಲಿ? ಎತ್ತರದ ಲೆಕ್ಕವೂ ಹೊಂದುವುದಿಲ್ಲ. ಎವರೆಸ್ಟಿನಷ್ಟು ಎತ್ತರಕ್ಕೆ ಹೋದರೆ ಗುರುತ್ವ ಸುಮಾರು ಶೇಕಡಾ 0.28ರಷ್ಟು ಕುಗ್ಗಬೇಕು, ಮೇಲೇರುವ ತಟ್ಟೆಯ ಮೇಲೆ ಸಾಪೇಕ್ಷತೆ ಅನುಮತಿಸುವ ವ್ಯತ್ಯಾಸವಾದರೋ ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸಿನದು.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಎತ್ತರದ ವ್ಯತ್ಯಾಸಕ್ಕೆ, ಮೇಲಿರುವ ನಕ್ಷತ್ರಗಳು ನಮ್ಮನ್ನು ಸ್ವಲ್ಪ ಸೆಳೆಯುತ್ತವೆ ಎಂಬ ಸಮಾಧಾನವನ್ನೂ ಅವರು ಕೊಡುತ್ತಾರೆ.

ಉತ್ತರ 2
ಸಮಾಧಾನವೆಂದರೆ ಇದೇ, ತಾವು ಇಲ್ಲವೆಂದ ಆಕರ್ಷಣೆಯನ್ನೇ ಹಿಂಬಾಗಿಲಿನಿಂದ ಒಳಗೆ ಕರೆದುಕೊಳ್ಳುವುದು! 1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಇಕ್ಕೆಲಗಳಲ್ಲಿ ಖಗೋಳಜ್ಞ ಮ್ಯಾಸ್ಕಲಿನ್ ತೂಗುಬಿಟ್ಟ ಗುಂಡು ಬೆಟ್ಟದತ್ತ ವಾಲಿತ್ತು. 1798ರಲ್ಲಿ ವಿಜ್ಞಾನಿ ಕ್ಯಾವೆಂಡಿಶ್ ಸೀಸದ ಗುಂಡುಗಳ ನಡುವಿನ ಸೆಳೆತವನ್ನು ಕೋಣೆಯೊಳಗೇ ಅಳೆದರು. ನಕ್ಷತ್ರಕ್ಕೂ ಬೆಟ್ಟಕ್ಕೂ ಸೀಸದ ಗುಂಡಿಗೂ ಸೆಳೆತವಿರುವಾಗ, ಕಾಲಕೆಳಗಿನ ಇಷ್ಟು ದೊಡ್ಡ ತಟ್ಟೆಗೆ ಮಾತ್ರ ಅದು ಇಲ್ಲದಿರಲು ಕಾರಣವೇನೆಂದು ಅವರನ್ನು ಕೇಳಿ. ಇದೆಯೆಂದು ಒಪ್ಪಿದರೆ, ಅಂಚಿನತ್ತ ಹೋದಂತೆಲ್ಲ ತೂಗುಗುಂಡು ತಟ್ಟೆಯ ನಡುವಿನತ್ತ ವಾಲುತ್ತಾ ಹೋಗಬೇಕಾಗುತ್ತದೆ.