ಸಹಾಯ ಬೇಕು: ಮನಾಲಿ–ಲೇಹ್ ಏರಿಗೆ 28 ಹಲ್ಲಿನ ಗೇರ್ ಸಾಕಾ?

ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯ ಕೆಲವು ಗೆಳೆಯರು ಸೇರಿ ಬರುವ ಆಗಸ್ಟಿನಲ್ಲಿ ಮನಾಲಿಯಿಂದ ಲೇಹ್‌ಗೆ ಸೈಕಲ್ ತುಳಿಯಲು ತಯಾರಿ ನಡೆಸುತ್ತಿದ್ದೇವೆ. ವಾರದ ದಿನಗಳಲ್ಲಿ ಮಲ್ಪೆ, ಕಾಪು ಕಡೆ ಸಮತಟ್ಟು ರಸ್ತೆ. ಭಾನುವಾರ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ.

ಖಾಲಿ ಸೈಕಲ್‌ನಲ್ಲಿ ಆಗುಂಬೆಯ 14 ತಿರುವು ಹೇಗೋ ಹತ್ತುತ್ತೇವೆ. ಹಿಂದೆ ಬ್ಯಾಗ್ ಕಟ್ಟಿದರೆ ಕಥೆಯೇ ಬೇರೆ ಮಾರಾಯ್ರೇ. ಮೇಲಿನ ತಿರುವುಗಳಲ್ಲಿ ಪೆಡಲ್ ತಿರುಗುವುದೇ ಇಲ್ಲ, ಎದ್ದು ನಿಂತು ತುಳಿಯಬೇಕು. ಒಬ್ಬನಿಗೆ ಮಂಡಿನೋವು ಶುರುವಾಗಿದೆ. ಸೀಟು ಎತ್ತರಿಸಿ ನೋಡಿದೆವು, ನಿಧಾನ ತುಳಿದೂ ನೋಡಿದೆವು. ಜಾಸ್ತಿ ವ್ಯತ್ಯಾಸ ಆಗಲಿಲ್ಲ. ಮನಾಲಿ–ಲೇಹ್ ದಾರಿಯಲ್ಲಿ ಗಾಟಾ ಲೂಪ್ಸ್ ಎಂಬ ಏರಿನಲ್ಲೇ 21 ತಿರುವು, ತಂಗ್ಲಾಂಗ್ ಲಾ ಪಾಸ್ 5,300 ಮೀಟರ್‌ಗೂ ಮೇಲೆ. ಉಸಿರಾಡುವುದೇ ಕಷ್ಟ ಅಲ್ವಾ?

ನಮ್ಮ ರೋಡ್ ಬೈಕ್‌ಗಳಲ್ಲಿ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 11-28 ಕ್ಯಾಸೆಟ್ (11ರಿಂದ 28 ಹಲ್ಲಿನವರೆಗಿನ ಗೇರ್ ಚಕ್ರಗಳ ಗುಚ್ಛ), ಚೈನನ್ನು ಗೇರ್‌ನಿಂದ ಗೇರ್‌ಗೆ ಸರಿಸುವ ಡಿರೇಲರ್ ಗಿಡ್ಡ ಕೇಜ್‌ನದು (ಕೇಜ್ ಅಂದರೆ ಚೈನನ್ನು ಬಿಗಿಯಾಗಿ ಹಿಡಿಯುವ ತೋಳು). ಏರು ಹಗುರಾಗಲಿ ಅಂತ 11-34 ಕ್ಯಾಸೆಟ್ ಹಾಕೋಣ ಅಂದುಕೊಂಡೆವು. ಒಂದು ಅಂಗಡಿಯವರು ಕ್ಯಾಸೆಟ್, ಚೈನ್ ಬದಲಿಸಿದರೆ ಸಾಕು ಅಂತಾರೆ. ಇನ್ನೊಬ್ಬರು ಉದ್ದ ಕೇಜ್‌ನ ಡಿರೇಲರ್ ಹಾಕದಿದ್ದರೆ ಚೈನ್ ಸಿಕ್ಕಿಕೊಳ್ಳುತ್ತದೆ ಅಂತಾರೆ. ಖರ್ಚು ಸಣ್ಣದಲ್ಲ.

ಲಗೇಜ್ ಹೊತ್ತು ಆ ದಾರಿ ಹತ್ತಿದವರು ಹೇಳಿ: ಮುಂದೆ 34, ಹಿಂದೆ 28 ಹಲ್ಲಿನ ಗೇರ್‌ನಲ್ಲಿ ಆಗುತ್ತದಾ, 11-34 ಬೇಕೇ ಬೇಕಾ? ಬೇಕಿದ್ದರೆ ಡಿರೇಲರ್ ಕೂಡ ಬದಲಿಸಬೇಕಾ?