ಗುಂಪು: ತೋಟದ ಮನೆಯವರು

ಕಾಕಾ (ಫಾರ್ವರ್ಡ್): ಎಚ್ಚರ!! ಹಿಣಿಲಿರುವ ನಮ್ಮ ದನಗಳಲ್ಲಿ ಮಾಂಸ ಗಟ್ಟಿ ಮಾಡುವ ಕೆಟ್ಟ ಜೀನ್ ಇದೆಯೆಂದು ಆಸ್ಟ್ರೇಲಿಯಾದವರು ಸಾರುತ್ತಿದ್ದಾರೆ. ದೇಶಿ ತಳಿ ಮುಗಿಸುವ ಸಂಚು. 20 ಜನರಿಗೆ ಕಳಿಸಿ.

ಕಾಕಾ: ನಾನು ಮೊದಲಿಂದಲೂ ಹೇಳುತ್ತಿದ್ದೆ.

ಅಕ್ಕ: ಯಾರು ಬರೆದದ್ದು ಕಾಕಾ? 10 ರೂಪಾಯಿ ನಾಣ್ಯ ನಿಲ್ಲುತ್ತದೆ ಅಂತ ನೀವು ಕಳಿಸಿದ್ದನ್ನು ನಂಬಿ ಅವ್ವ ಒಂದು ವಾರ ನಿದ್ದೆಗೆಟ್ಟಿದ್ದಳು.

ಕಾಕಾ: ಆ ಮಾತು ಎಷ್ಟು ಸಲ ತೆಗೆಯುತ್ತೀ?

ದೊಡ್ಡಪ್ಪ: ಸೋಮವಾರ. ಪೂಜೆ ಮುಗಿಸಿ ಫೋನ್ ತೆಗೆದರೆ ಬಸವಣ್ಣನ ಮಾಂಸದ ಸುದ್ದಿ. ಈ ಗುಂಪಿನಲ್ಲಿ ಇದು ಬೇಡ.

ನಾನು: ಒಂದೇ ಮಾತು ದೊಡ್ಡಪ್ಪ. ಅದು ಕೆಟ್ಟ ಜೀನ್ ಅಲ್ಲ. ಮಾಂಸ ಎಷ್ಟು ಮೆತ್ತಗಿರುತ್ತದೆ ಅನ್ನುವ ಲೆಕ್ಕ ಅಷ್ಟೇ. ಪ್ರಾಣ ಹೋದ ಮೇಲೂ ಕ್ಯಾಲ್ಪೇನ್ ಎಂಬ ಕಿಣ್ವ ಸ್ನಾಯುವಿನ ಎಳೆಗಳನ್ನು ಕತ್ತರಿಸುತ್ತಾ ಇರುತ್ತದೆ. ಕ್ಯಾಲ್ಪಾಸ್ಟಾಟಿನ್ ಎಂಬ ಇನ್ನೊಂದು ಪ್ರೋಟೀನ್ ಅದನ್ನು ತಡೆಯುತ್ತದೆ. ಹಿಣಿಲಿರುವ ಬ್ರಾಹ್ಮನ್ ತಳಿಯ ದನಗಳಲ್ಲಿ ಈ ತಡೆಯುವುದರ ಕೈ ಮೇಲು. ಹಾಗಾಗಿ ಮಾಂಸ ಗಟ್ಟಿ.

ಅಕ್ಕ: ಆಧಾರ?

ನಾನು: 2002ರಲ್ಲಿ ಕ್ಯಾಲ್ಪೇನ್ ಜೀನಿನಲ್ಲಿ 316 ಎಂಬ ಗುರುತು (ದನದಿಂದ ದನಕ್ಕೆ ಬದಲಾಗುವ ಡಿಎನ್‌ಎಯ ಒಂದು ಜಾಗ) ಸಿಕ್ಕಿತು. ಮಾಂಸ ಮೆತ್ತಗಾಗಿಸುವ ಅದರ ರೂಪ ಬ್ರಾಹ್ಮನ್ ದನಗಳಲ್ಲಿ ತೀರಾ ಅಪರೂಪ. 2005ರಲ್ಲಿ 4751 ಎಂಬ ಇನ್ನೊಂದು ಗುರುತು ಬಂತು. ಅದು ಹಿಣಿಲಿರುವ, ಇಲ್ಲದ ಎರಡೂ ಬಗೆಯ ದನಗಳಿಗೆ ಆಗುತ್ತದೆ. ಬೀಜದ ಹೋರಿ ಆರಿಸಲು ಇದನ್ನು ನೋಡುತ್ತಾರೆ. ಮಾಂಸ ಮೆತ್ತಗಾಗುವುದರಲ್ಲಿ ಒಂದೊಂದು ಗುರುತಿನ ಪಾಲು ಸಣ್ಣದು.

ಕಾಕಾ: ಗಟ್ಟಿ ಅಂತ ನೀನೇ ಒಪ್ಪಿದೆ. ಸಂಚು ಅಲ್ವಾ?

ನಾನು: ಕಾಕಾ, ಕ್ವೀನ್ಸ್‌ಲ್ಯಾಂಡಿನ ಬಿಸಿಲು, ಉಣ್ಣಿ ಕಾಟ ತಡೆಯುವುದು ಇವೇ ಅಂತ ಅವರು ಬ್ರಾಹ್ಮನ್ ಸಾಕುತ್ತಾರೆ. ಅಮೆರಿಕದವರು ಆ ತಳಿ ಕಟ್ಟಿದ್ದೇ ನಮ್ಮ ಗಿರ್, ಕಾಂಕ್ರೇಜ್, ಓಂಗೋಲ್‌ಗಳಿಂದ. ಜೊತೆಗೆ ನಮ್ಮ ಕೃಷ್ಣಾ ಕಣಿವೆ ದನವೂ ಇತ್ತು. 1924ರಲ್ಲೇ ಅದಕ್ಕೊಂದು ಸಂಘ ಮಾಡಿಕೊಂಡರು. ಇಲ್ಲಿ ಇವತ್ತು ಒಂದು ಒಳ್ಳೆ ಕೃಷ್ಣಾ ಕಣಿವೆ ಜೋಡಿ ಹುಡುಕಿ ತೋರಿಸಿ. ನನ್ನ ಹೊಟ್ಟೆ ಉರಿಯುವುದು ಇದಕ್ಕೆ.

ದೊಡ್ಡಣ್ಣ: ಕೃಷ್ಣಾ ಕಣಿವೆ ಅಂದೆಯಾ! ಅಜ್ಜನ ಜೋಡಿ ನೆನಪಿದೆಯಾ? ಕಾರ ಹುಣ್ಣಿಮೆ ದಿನ ಹುಣಸೆಹಣ್ಣು ಹಚ್ಚಿ ಕೊಂಬಿನ ತುದಿಯ ಕೋಡಣಸು ತಿಕ್ಕುವ ಕೆಲಸ ನನ್ನದು. ಬೆರಳೆಲ್ಲ ಹಿತ್ತಾಳೆ ವಾಸನೆ. ಎರೆ ಹೊಲದಲ್ಲಿ ಮೊಣಕಾಲ ತನಕ ಹೂತರೂ ಬಂಡಿ ನಿಲ್ಲುತ್ತಿರಲಿಲ್ಲ.

ಅಕ್ಕ: ಜಾತ್ರೆಗೆ ಹೊಡೆದುಕೊಂಡು ಹೋಗಿ ಮಾರಿದ್ದು ಯಾರು ಅಂತಲೂ ಹೇಳಣ್ಣ.

ಕಾಕಾ: ನಿಮ್ಮಪ್ಪನ ಟ್ರ್ಯಾಕ್ಟರ್ ಕಂತು ತುಂಬಲು ಮಾರಿದೆ. ನನ್ನ ಸುಖಕ್ಕಲ್ಲ.

ಅಕ್ಕ: ಅಪ್ಪ ಕೇಳಿದ್ದು ಸಾಲ. ಎತ್ತು ಮಾರಿ ಅಂದಿರಲಿಲ್ಲ.

ದೊಡ್ಡಪ್ಪ: ಸಾಕು ಮಾಡಿ ಇಬ್ಬರೂ. ಅವತ್ತು ನಿಮ್ಮಜ್ಜ ಉಣ್ಣಲಿಲ್ಲ. ಖಾಲಿ ಗೋದಲಿ ಪಕ್ಕ ಕಂಬಳಿ ಹಾಸಿ ಮಲಗಿದ.

ದೊಡ್ಡಪ್ಪ: ಕೋಡಣಸು ಮೂರು ನನ್ನ ಟ್ರಂಕಿನಲ್ಲಿವೆ. ನಾಲ್ಕನೆಯದು ಎಲ್ಲಿದೆ?

ಕಾಕಾ: ನನ್ನ ಹತ್ತಿರ ಇದೆ ಅಣ್ಣ. ನಾಳೆ ತರುತ್ತೇನೆ.